ಮಂಡೆಬಿಸಿಯ ಲೆಕ್ಕ

ಆತಂಕದ ಕಾಯಿಲೆಗಳನ್ನು ಮರಣಕಾರಣವೆಂದು ಯಾರೂ ಬರೆಯುವುದಿಲ್ಲ. ಸಾರ್ವಜನಿಕ ಆರೋಗ್ಯದ ಲೆಕ್ಕಪತ್ರದಲ್ಲಿ ಅವು ಬಹುಕಾಲ ಕಾಣಿಸದೆ ಇದ್ದುದಕ್ಕೆ ಮುಖ್ಯ ಕಾರಣ ಅದೇ. ಕಾಲರಾ, ಕ್ಷಯ, ಮಲೇರಿಯಾಗಳನ್ನು ಸತ್ತವರ ಸಂಖ್ಯೆಯಿಂದ ಅಳೆಯುತ್ತಿದ್ದ ಕಾಲದಲ್ಲಿ ಎದೆ ಹೊಡೆದುಕೊಳ್ಳುತ್ತ, ನಿದ್ದೆಗೆಟ್ಟು, ಬಸ್ಸು ಹತ್ತಲು ಹೆದರಿ ಮನೆಯೊಳಗೇ ಆಯುಷ್ಯ ಕಳೆದವರಿಗೆ ಯಾವ ಪುಸ್ತಕದಲ್ಲೂ ಜಾಗವಿರಲಿಲ್ಲ. ಕ್ರಿಸ್ಟೋಫರ್ ಮರ್ರೆ ಮತ್ತು ಅಲನ್ ಲೋಪೆಜ್ ರೂಪಿಸಿದ ಜಾಗತಿಕ ರೋಗಹೊರೆಯ ಲೆಕ್ಕಾಚಾರ ವಿಶ್ವ ಬ್ಯಾಂಕಿನ 1993ರ ವರದಿಯ ಮೂಲಕ ಬಳಕೆಗೆ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಅಕಾಲ ಮರಣದಿಂದ ಹೋದ ವರ್ಷಗಳ ಜೊತೆಗೆ, ಬದುಕಿದ್ದೂ ನರಳಿ ಕಳೆದ ವರ್ಷಗಳನ್ನೂ ಕೂಡಿಸುವುದು ಇದರ ಕ್ರಮ. ಎರಡನೆಯದನ್ನು ಕೂಡಿಸಬೇಕಾದರೆ ಪ್ರತಿ ಕಾಯಿಲೆಗೂ ಒಂದು ತೂಕ ಬೇಕು: ಸೊನ್ನೆ ಎಂದರೆ ಪೂರ್ಣ ಆರೋಗ್ಯ, ಒಂದು ಎಂದರೆ ಸಾವಿಗೆ ಸಮ. ಈ ತಕ್ಕಡಿಯಲ್ಲಿ ಸೌಮ್ಯ ಆತಂಕ 0.030, ಮಧ್ಯಮ 0.133, ತೀವ್ರ ಆತಂಕ 0.523 ತೂಗುತ್ತದೆ. ತೀವ್ರ ಆತಂಕದಲ್ಲಿ ಎರಡು ವರ್ಷ ಕಳೆದವರು ಒಂದು ವರ್ಷಕ್ಕಿಂತ ತುಸು ಹೆಚ್ಚನ್ನೇ ಕಳೆದುಕೊಂಡಿದ್ದಾರೆ ಎಂದರ್ಥ.

ಹೀಗೆ ತೂಗಿ ನೋಡಿದಾಗ ಚಿತ್ರ ಬೇರೆಯೇ ಆಯಿತು. 2019ರಲ್ಲಿ ಜಗತ್ತಿನಲ್ಲಿ 30.1 ಕೋಟಿ ಜನರಿಗೆ ಯಾವುದಾದರೊಂದು ಬಗೆಯ ಆತಂಕದ ಕಾಯಿಲೆ ಇತ್ತು. ಮಾನಸಿಕ ಕಾಯಿಲೆಗಳಲ್ಲೆಲ್ಲ ಇದೇ ಹೆಚ್ಚು ಸಾಮಾನ್ಯ. ಕೊರೋನಾದ ಮೊದಲ ವರ್ಷ ಇದರ ಮೇಲೆ ಸುಮಾರು ಕಾಲು ಭಾಗ ಏರಿಕೆಯಾಯಿತೆಂದು ಅಂದಾಜು. ಭಾರತದ ರಾಜ್ಯವಾರು ರೋಗಹೊರೆಯ ಅಧ್ಯಯನದ ಪ್ರಕಾರ 2017ರಲ್ಲಿ ದೇಶದಲ್ಲಿ 19.73 ಕೋಟಿ ಜನರಿಗೆ ಮಾನಸಿಕ ಕಾಯಿಲೆಗಳಿದ್ದವು. ಅವರಲ್ಲಿ ಖಿನ್ನತೆಯವರು 4.57 ಕೋಟಿ, ಆತಂಕದವರು 4.49 ಕೋಟಿ. ದೇಶದ ಒಟ್ಟು ರೋಗಹೊರೆಯಲ್ಲಿ ಮಾನಸಿಕ ಕಾಯಿಲೆಗಳ ಪಾಲು 1990ರಲ್ಲಿ ಶೇ. 2.5 ಇದ್ದದ್ದು 2017ಕ್ಕೆ ಶೇ. 4.7 ಆಗಿತ್ತು. ಮಾನಸಿಕ ಕಾಯಿಲೆಗಳ ಈ ಹೊರೆಯಲ್ಲಿ ನೂರಕ್ಕೆ ಹತ್ತೊಂಬತ್ತು ಪಾಲು ಆತಂಕದ್ದು.

ಇಷ್ಟು ದೊಡ್ಡ ಸಂಖ್ಯೆಗಳನ್ನು ಒಂದು ತಾಲೂಕಿಗೆ ಇಳಿಸಿದರೆ ಏನಾಗುತ್ತದೆ? ಆತಂಕದವರ ದೇಶದ ಸರಾಸರಿ ಶೇ. 3.3. ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನಲ್ಲಿ 2011ರ ಗಣತಿಯಂತೆ ಜನಸಂಖ್ಯೆ ಹೆಚ್ಚುಕಡಿಮೆ ನಾಲ್ಕು ಲಕ್ಷ. ಗುಣಿಸಿದರೆ ಹದಿಮೂರು ಸಾವಿರ ಜನ. ಬೆಳ್ತಂಗಡಿಯನ್ನೂ 2018ರಲ್ಲಿ ಬೇರೆ ತಾಲೂಕಾದ ಮೂಡುಬಿದಿರೆಯನ್ನೂ ಸೇರಿಸಿದರೆ ಸಂಖ್ಯೆ ಇಪ್ಪತ್ತು ಸಾವಿರ ದಾಟುತ್ತದೆ. ಆದರೆ ಇದು ಗುಣಾಕಾರವೇ ಹೊರತು ಎಣಿಕೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳ 34,802 ವಯಸ್ಕರನ್ನು ಮಾತನಾಡಿಸಿತು. ಆ ಹನ್ನೆರಡರಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರ ಜಿಲ್ಲೆಯಲ್ಲಿ ಪೂರ್ವಭಾವಿ ಪರೀಕ್ಷೆಯಷ್ಟೇ ನಡೆಯಿತು. ಸಮೀಕ್ಷೆ ಮಾಡಿದ ಸಂಸ್ಥೆಯ ಸ್ವಂತ ರಾಜ್ಯವೇ ಸಮೀಕ್ಷೆಯಿಂದ ಹೊರಗುಳಿದದ್ದು ವಿಚಿತ್ರ. ಕೋಲಾರದ ಬಯಲಿನಿಂದ ನೇತ್ರಾವತಿಯ ದಡಕ್ಕೆ ಅಂಕಿಗಳನ್ನು ಹೊತ್ತು ತರುವುದು ಸುಲಭವೂ ಅಲ್ಲ.

ಕಷ್ಟಕ್ಕೆ ಇನ್ನೂ ಒಂದು ಕಾರಣವಿದೆ. ಆತಂಕದ ಸಂಖ್ಯೆ ಕೇಳುವ ಪ್ರಶ್ನೆಗೆ ತಕ್ಕಂತೆ ಬದಲಾಗುತ್ತದೆ. 2013ರಲ್ಲಿ ಪ್ರಕಟವಾದ ಒಂದು ಜಾಗತಿಕ ಪರಿಶೀಲನೆ ಆಫ್ರಿಕಾದ ಸಮಾಜಗಳಲ್ಲಿ ಶೇ. 5.3, ಯುರೋಪ್ ಮತ್ತು ಇಂಗ್ಲಿಷ್ ಮಾತನಾಡುವ ಸಮಾಜಗಳಲ್ಲಿ ಶೇ. 10.4 ಎಂದು ತೋರಿಸಿತು. ಆಫ್ರಿಕಾದವರಿಗೆ ಹೆದರಿಕೆ ಅರ್ಧದಷ್ಟೇ ಎಂದು ಇದರಿಂದ ತಿಳಿಯುವವರು ಪ್ರಶ್ನಾವಳಿ ಯಾವ ಭಾಷೆಯಲ್ಲಿ ಹುಟ್ಟಿತು ಎಂಬುದನ್ನು ಮರೆತಿರುತ್ತಾರೆ. ‘ಕಳೆದ ಆರು ತಿಂಗಳಲ್ಲಿ ಹೆಚ್ಚಿನ ದಿನ ಅತಿಯಾದ ಚಿಂತೆ ಇತ್ತೇ?’ ಎಂದು ಬೆಳ್ತಂಗಡಿಯ ಒಬ್ಬ ತುಳು ಹೆಂಗಸನ್ನು ಗ್ರಾಂಥಿಕ ಕನ್ನಡದಲ್ಲಿ ಕೇಳಿದರೆ ‘ಇಲ್ಲಪ್ಪ’ ಎಂಬ ಉತ್ತರ ಬರಬಹುದು. ಚಿಂತೆ ಎನ್ನುವುದು ಪುಸ್ತಕದ ಮಾತು. ಮಗಳ ಮದುವೆ, ಸೊಸೈಟಿಯ ಸಾಲ ಯಾರಿಗಿಲ್ಲ? ಅದೇ ಹೆಂಗಸಿಗೆ ‘ಮಂಡೆಬೆಚ್ಚ’ ಉಂಟೇ ಎಂದು ಕೇಳಿದರೆ ಮಾತು ಬೇರೆ. ಇಲ್ಲಿನ ಕನ್ನಡದಲ್ಲಿ ಅದೇ ‘ಮಂಡೆಬಿಸಿ’: ತಲೆಯೊಳಗೆ ಒಂದು ಯೋಚನೆ ಒಲೆಯ ಮೇಲಿನ ನೀರಿನ ಹಾಗೆ ಕುದಿಯುತ್ತಲೇ ಇರುವುದು. ಭಾಷೆಯಲ್ಲಿ ಅದು ಕಾಯಿಲೆಯಲ್ಲ, ಸಂಸಾರದ ಸಹಜ ಸ್ಥಿತಿ. ಆದರೆ ಅದನ್ನು ಹೇಳುವ ದನಿಯಲ್ಲೇ ಯಾರಿಗೆ ಎಷ್ಟಿದೆ ಎನ್ನುವುದು ತಿಳಿಯುತ್ತದೆ.

ಕರಾವಳಿಯಲ್ಲಿ ಜನರ ಮಾತಿನಲ್ಲೇ ಕೇಳುವ ಈ ಕೆಲಸವನ್ನು ಸರಿಯಾಗಿ ಮಾಡಲು ಹೊರಟ ಒಂದು ಅಧ್ಯಯನವಂತೂ ಇದೆ. ಮನೋವೈದ್ಯರಾದ ಮಾರಿಸ್ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಮನೆಮನೆ ತಿರುಗಿ ನಡೆಸಿದ ಸಮೀಕ್ಷೆ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವಾಯಿತು. ಬ್ರಾಹ್ಮಣರು, ಅಳಿಯಕಟ್ಟಿನ ಬಂಟರು ಮತ್ತು ಮೊಗವೀರರು, ಈ ಮೂರು ಸಮುದಾಯಗಳನ್ನು ಅವರು ಹೋಲಿಸಿದರು. ಸಮೀಕ್ಷೆಗೆ ಬೇಕಾದ ಪ್ರಶ್ನಾವಳಿಯನ್ನು ಇಲ್ಲಿನ ಪರಿಸ್ಥಿತಿಗೆಂದೇ ಕಟ್ಟಿಕೊಂಡರು. ಅದಕ್ಕಿಂತ ಮುಖ್ಯವಾಗಿ, ಜನ ತಮ್ಮ ತೊಂದರೆಯನ್ನು ಯಾರ ಬಳಿಗೆ ಒಯ್ಯುತ್ತಾರೆ ಎಂದು ನೋಡಿದರು: ವೈದ್ಯ, ಮಂತ್ರವಾದಿ, ಮೈಮೇಲೆ ದರ್ಶನ ಬರುವ ಪಾತ್ರಿ, ಜೊತೆಗೆ ಇಂಗ್ಲಿಷ್ ಔಷಧಿಯ ಡಾಕ್ಟರು. ಒಬ್ಬನೇ ಮನುಷ್ಯ ಒಂದೇ ತೊಂದರೆಗೆ ಇವರೆಲ್ಲರ ಬಾಗಿಲನ್ನೂ ತಟ್ಟುತ್ತಿದ್ದ. ಒಬ್ಬರನ್ನು ನಂಬಿದರೆ ಇನ್ನೊಬ್ಬರನ್ನು ಬಿಡಬೇಕೆಂಬ ಹಟ ಯಾರಿಗೂ ಇರಲಿಲ್ಲ. ಕಪೂರ್ ಮುಂದೆ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕೀಯವನ್ನು ಕಟ್ಟಿದವರಲ್ಲಿ ಒಬ್ಬರಾದರು. ಐವತ್ತು ವರ್ಷಗಳ ಹಿಂದೆ ಕೋಟದಲ್ಲಿ ಕೇಳಿದ ಪ್ರಶ್ನೆಯನ್ನು ಬಂಟ್ವಾಳದಲ್ಲಿ ಇಂದು ಕೇಳಿದರೆ ಉತ್ತರದಲ್ಲಿ ಹೊಸದಾಗಿ ಸೇರುವುದು ಬಹುಶಃ ಎರಡೇ: ಲ್ಯಾಬು ಮತ್ತು ಮೆಡಿಕಲ್ ಶಾಪು.

ಆ ಹೊಸ ದಾರಿಯನ್ನು ಹತ್ತಿರದಿಂದ ನೋಡಬೇಕು. ಬೀಡಿ ಕಟ್ಟುವ ನಲವತ್ತರ ಹೆಂಗಸೊಬ್ಬಳು ಸಂಜೆ ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗಿ ಬರುವಾಗ ದಾರಿಯಲ್ಲಿ ಎದೆ ಢವಗುಟ್ಟಿ, ಕೈಕಾಲು ತಣ್ಣಗಾಗಿ, ಉಸಿರು ಸಿಕ್ಕದ ಹಾಗಾಗಿ ಕುಳಿತುಬಿಡುತ್ತಾಳೆ. ಜೀವ ಹೋಯಿತೆಂದೇ ಅನ್ನಿಸುತ್ತದೆ. ಹತ್ತು ನಿಮಿಷದೊಳಗೆ ಏರಿ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಮರುದಿನ ಡಾಕ್ಟರು ಬಿಪಿ ನೋಡುತ್ತಾರೆ. ಹೆದರಿದ್ದರಿಂದ ಅದು ತುಸು ಮೇಲೆ. ಇಸಿಜಿ ತೆಗೆಸುತ್ತಾರೆ, ಸರಿ ಇದೆ. ‘ಗ್ಯಾಸ್, ಬೇರೇನಿಲ್ಲ’ ಎಂದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ, ನರಕ್ಕೆ ಶಕ್ತಿ ಬರಲು ಒಂದು ಚುಚ್ಚುಮದ್ದು. ಎರಡು ವಾರದ ಬಳಿಕ ಮತ್ತೆ ಅದೇ. ಈ ಸಲ ಮಂಗಳೂರು: ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ, ಹೃದಯದ ಡಾಕ್ಟರು, ಎಕೋ, ಟ್ರೆಡ್‌ಮಿಲ್. ಎಲ್ಲ ಸರಿ ಇದೆ ಎಂಬ ವರದಿಗಳ ಕಟ್ಟು ಪ್ಲಾಸ್ಟಿಕ್ ಚೀಲದಲ್ಲಿ ದಪ್ಪವಾಗುತ್ತದೆ. ಆ ಹೊತ್ತಿಗೆ ಆಕೆ ಒಬ್ಬಳೇ ಬ್ರಾಂಚಿಗೆ ಹೋಗುವುದನ್ನು ಬಿಟ್ಟಿದ್ದಾಳೆ, ಮಗಳನ್ನು ಕಳಿಸುತ್ತಾಳೆ. ಮದುವೆ ಮನೆಗೂ ಇಲ್ಲ; ಜನಜಂಗುಳಿಯಲ್ಲಿ ಮತ್ತೆ ಹಾಗಾದರೆ? ಜ್ಯೋತಿಷಿಯಲ್ಲಿ ಕೇಳಿಸಿ ಸೊಂಟಕ್ಕೆ ನೂಲು ಕಟ್ಟಿದ್ದೂ ಆಗಿದೆ. ಇದು ಒಬ್ಬಳ ಕಥೆಯಲ್ಲ, ಒಂದು ಮಾದರಿ. ಪ್ಯಾನಿಕ್ ಕಾಯಿಲೆ ಮತ್ತು ಅದರ ಬೆನ್ನಿಗೆ ಬರುವ, ಒಬ್ಬರೇ ಹೊರಹೋಗಲಾರದ ಬಯಲಂಜಿಕೆಯನ್ನು ವಿವರಿಸುವ ಪಠ್ಯಪುಸ್ತಕದ ಪುಟವನ್ನೇ ತುಳುನಾಡಿನ ಬಟ್ಟೆಯಲ್ಲಿ ನೋಡಿದಂತೆ. ಮಾನಸಿಕ ಕಾಯಿಲೆ ಎಂಬ ಮಾತು ಈ ಇಡೀ ಹಾದಿಯಲ್ಲಿ ಒಮ್ಮೆಯೂ ಬಂದಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ.

ರಾಷ್ಟ್ರೀಯ ಸಮೀಕ್ಷೆ ಸಾಮಾನ್ಯ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆಯ ಕೊರತೆ ಶೇ. 85 ಎಂದು ಹೇಳಿದೆ. ಈ ಮಾತನ್ನು ಕೇಳಿದವರು ಎಂಬತ್ತೈದು ಜನ ಮನೆಯಲ್ಲೇ ಸುಮ್ಮನೆ ಕುಳಿತಿದ್ದಾರೆಂದು ಊಹಿಸುತ್ತಾರೆ. ಕರಾವಳಿಯಲ್ಲಿ ಆ ಊಹೆ ತಪ್ಪು. ಅವರು ಕುಳಿತಿಲ್ಲ, ಓಡಾಡುತ್ತಿದ್ದಾರೆ, ಹಣ ಖರ್ಚು ಮಾಡುತ್ತಿದ್ದಾರೆ, ಗುಳಿಗೆ ನುಂಗುತ್ತಿದ್ದಾರೆ. ಚಿಕಿತ್ಸೆ ಸಿಗುತ್ತಿರುವುದು ಅವರಿಗಿಲ್ಲದ ಕಾಯಿಲೆಗೆ. ರೋಗಹೊರೆಯ ತಕ್ಕಡಿ ಈ ಖರ್ಚನ್ನು ತೂಗುವುದಿಲ್ಲ. ಎಕೋ ತೆಗೆಸಿದ ಹಣ, ಜೊತೆಗೆ ಬಂದ ಗಂಡನ ಒಂದು ದಿನದ ಕೂಲಿ, ಶಾಲೆ ತಪ್ಪಿಸಿ ಬ್ರಾಂಚಿಗೆ ಹೋದ ಮಗಳ ದಿನ, ಇವು ಯಾವ ಅಂಕಣದಲ್ಲೂ ಬರುವುದಿಲ್ಲ. ಆತಂಕ ಮತ್ತು ಖಿನ್ನತೆಯಿಂದ ಜಗತ್ತು ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತದೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಪ್ರಸಿದ್ಧ. ಆದರೆ ಮನೆಯ ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟುಕೊಂಡು ಸಾವಿರಕ್ಕಿಷ್ಟು ಎಂದು ಬೀಡಿ ಸುತ್ತುವವಳಿಗೆ ಕೆಲಸದ ದಿನ ಎಂದರೆ ಯಾವುದು? ರಜೆ ಚೀಟಿ ಬರೆದುಕೊಡಲು ಆಕೆಗೆ ಆಫೀಸಿಲ್ಲ. ಕಟ್ಟುವುದು ಕಡಿಮೆಯಾಗುತ್ತದೆ, ವಾರದ ಕೊನೆಗೆ ಕೈಗೆ ಬರುವುದು ಕಡಿಮೆಯಾಗುತ್ತದೆ, ಅಷ್ಟೇ. ಈ ಮೂರೂ ತಾಲೂಕುಗಳಲ್ಲಿ ಹೆಂಗಸರ ಕೈಯಲ್ಲಿ ನಗದು ಆಡುವಂತೆ ಮಾಡಿದ್ದು ಬೀಡಿ. ಆ ಉದ್ಯಮವೇ ಈಗ ಸೊರಗುತ್ತಿದೆ. ಆತಂಕದ ಕಾಯಿಲೆ ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು ಎಂದು ಹೆಚ್ಚುಕಡಿಮೆ ಎಲ್ಲ ದೇಶಗಳ ಅಧ್ಯಯನಗಳೂ ತೋರಿಸಿರುವಾಗ, ಇಲ್ಲಿನ ಹೊರೆಯ ದೊಡ್ಡ ಭಾಗ ಜಗಲಿಯ ಮೇಲಿದೆ ಎಂದರೆ ತಪ್ಪಾಗದು.

ಈಗ ಕಷ್ಟದ ಪ್ರಶ್ನೆ. ಹೆದರಿಕೆಗೆ ತಕ್ಕ ಕಾರಣವಿದ್ದರೆ ಅದು ಕಾಯಿಲೆಯೇ? ಬಂಟ್ವಾಳದ ಹಳೆ ಪೇಟೆಯಲ್ಲಿ 1923 ಮತ್ತು 1974ರ ಬೊಳ್ಳಗಳ (ನೆರೆಗಳ) ನೆನಪು ಇನ್ನೂ ಇದೆ. ಮಳೆಗಾಲದಲ್ಲಿ ನೇತ್ರಾವತಿ 8.5 ಮೀಟರಿನ ಅಪಾಯದ ಮಟ್ಟದತ್ತ ಏರುವ ರಾತ್ರಿ ನಿದ್ದೆ ಬಾರದಿದ್ದರೆ ಅದು ವಿವೇಕ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಜರಿದು ತೋಟಗಳೇ ಕೊಚ್ಚಿಹೋದುದನ್ನು ಕಂಡವರು ಜೋರು ಮಳೆಯ ಸದ್ದಿಗೆ ಬೆಚ್ಚುವುದು ಸಹಜ. ಮಳೆ ಬಿಡದೆ, ಅಡಿಕೆಗೆ ಮದ್ದು ಬಿಡಲು ಜನ ಸಿಕ್ಕದೆ, ಕೊಳೆರೋಗ ಹಿಡಿದ ಕಾಯಿ ದಿನವೂ ಉದುರುವುದನ್ನು ನೋಡುವ ಕೃಷಿಕನ ಮಂಡೆಬಿಸಿಗೆ ಔಷಧಿ ಅಂಗಡಿಯಲ್ಲಿಲ್ಲ. 2017ರ ಮಳೆಗಾಲದಲ್ಲಿ ಬಂಟ್ವಾಳ ತಾಲೂಕು ವಾರಗಟ್ಟಲೆ ನಿಷೇಧಾಜ್ಞೆಯಲ್ಲಿತ್ತು. ಆಗ ಮಗ ಸಂಜೆ ಮನೆಗೆ ಬರುವುದು ಅರ್ಧ ಗಂಟೆ ತಡವಾದರೆ ಎಲ್ಲ ಧರ್ಮದ ತಾಯಂದಿರೂ ಗೇಟಿನ ಬಳಿ ನಿಂತಿರುತ್ತಿದ್ದರು.

ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದುದು ನಿಂತು ಕಾಲು ಶತಮಾನವಾಯಿತು. ಸುಪ್ರೀಂ ಕೋರ್ಟು 2011ರಲ್ಲಿ ದೇಶಾದ್ಯಂತ ಅದನ್ನು ತಡೆಯಿತು. ಆ ಸಿಂಪಡಣೆಯ ಕಾಲದಲ್ಲಿ ಹುಟ್ಟಿ ಮಲಗಿದಲ್ಲೇ ಇರುವ ಮಕ್ಕಳು ಈಗ ಮೂವತ್ತು, ನಲವತ್ತು ದಾಟಿದವರು. ಅವರನ್ನು ಎತ್ತಿ ಕೂರಿಸಿ, ಉಣಿಸಿ, ತೊಳೆಯುವ ತಾಯಂದಿರಿಗೆ ಅರುವತ್ತು ಎಪ್ಪತ್ತು. ‘ನಾನು ಹೋದ ಮೇಲೆ ಇವನನ್ನು ನೋಡುವುದು ಯಾರು’ ಎಂಬ ಒಂದೇ ಯೋಚನೆ ರಾತ್ರಿಯಿಡೀ ಕುದಿಯುತ್ತದೆ. ಸಾಮಾನ್ಯೀಕೃತ ಆತಂಕದ ಕಾಯಿಲೆಗೆ ಪಠ್ಯ ಹೇಳುವ ಲಕ್ಷಣಗಳೆಲ್ಲ ಇಲ್ಲಿವೆ: ಆರು ತಿಂಗಳು ಮೀರಿದ ಚಿಂತೆ, ತಡೆಯಲಾಗದಿರುವುದು, ನಿದ್ದೆಗೇಡು, ಮೈಕೈ ಬಿಗಿತ. ಇಲ್ಲದ್ದು ಒಂದೇ, ‘ಅತಿ’ ಎಂಬುದು. ಆಕೆಯ ಹೆದರಿಕೆ ಪರಿಸ್ಥಿತಿಗೆ ಸರಿಯಾಗಿಯೇ ಇದೆ. ವೈದ್ಯಶಾಸ್ತ್ರದ ಕಟ್ಟುನಿಟ್ಟಿನ ಅಳತೆಯಲ್ಲಿ ಅವಳು ಲೆಕ್ಕಕ್ಕೆ ಬರದೆ ಹೋಗಬಹುದು. ಆಕೆಗೆ ಮೊದಲು ಬೇಕಾದದ್ದು ಮಗನನ್ನು ಕೊನೆಯವರೆಗೆ ನೋಡಿಕೊಳ್ಳುವ ಒಂದು ಮನೆ. ಹಾಗೆಂದು ನಿದ್ದೆಗೆಟ್ಟ ಅವಳ ಮೈಗೆ ಚಿಕಿತ್ಸೆ ಬೇಡವೆನ್ನುವುದೂ ಕ್ರೂರವೇ. ಕಾರಣ ನಿಜವಾಗಿದ್ದರೂ ದೇಹ ಸವೆಯುವುದು ಒಂದೇ ರೀತಿ. ನಿಜವಾದ ಹೆದರಿಕೆ ಮತ್ತು ಕಾಯಿಲೆಯ ನಡುವೆ ಗೆರೆ ಎಳೆಯಲು ಕಾರಣವನ್ನು ನೋಡುವುದಕ್ಕಿಂತ, ಮಳೆ ನಿಂತ ಮೇಲೂ ಹೆದರಿಕೆ ಉಳಿಯುತ್ತದೆಯೇ, ಬದುಕಿನ ಎಷ್ಟು ಕೆಲಸ ಬಿಟ್ಟುಹೋಗಿದೆ ಎಂದು ನೋಡುವುದೇ ಹೆಚ್ಚು ಪ್ರಾಮಾಣಿಕ.

ಮೂಡುಬಿದಿರೆಯಲ್ಲಿ ಹೊರೆ ಹೊರುವವರ ವಯಸ್ಸು ಬೇರೆ. ಸಾವಿರ ಕಂಬದ ಬಸದಿಯ ಜೈನಕಾಶಿ ಈಗ ಹಾಸ್ಟೆಲುಗಳ ಊರೂ ಹೌದು. ಉತ್ತರ ಕರ್ನಾಟಕದಿಂದ, ಬಯಲುಸೀಮೆಯಿಂದ ಬಂದ ಮಕ್ಕಳು ನೀಟ್, ಸಿಇಟಿ ಎಂದು ಇಲ್ಲಿ ಎರಡು ವರ್ಷ ಕಳೆಯುತ್ತಾರೆ. ಬೆಳ್ತಂಗಡಿಯ ಉಜಿರೆಯೂ ಅಂಥದೇ ಊರು. ಪಿಯುಸಿ ಫಲಿತಾಂಶದ ದಿನ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ರಾಜ್ಯದ ತುದಿಯಲ್ಲಿರುವುದು ರೂಢಿಯಾಗಿಹೋಗಿದೆ. ಪರೀಕ್ಷೆಯ ಹೆದರಿಕೆಯನ್ನೆಲ್ಲ ಕಾಯಿಲೆ ಎನ್ನುವಂತಿಲ್ಲ. ಆದರೆ ಅಮೆರಿಕದ ದೊಡ್ಡ ಸಮೀಕ್ಷೆಯೊಂದು 2005ರಲ್ಲಿ ತೋರಿಸಿದಂತೆ ಆತಂಕದ ಕಾಯಿಲೆಗಳು ಶುರುವಾಗುವ ಮಧ್ಯಾಂಕ ವಯಸ್ಸು ಹನ್ನೊಂದು. ಹಾಸ್ಟೆಲಿನ ಬಾಗಿಲು ದಾಟುವ ಹೊತ್ತಿಗೆ ಹಲವರಲ್ಲಿ ಅದು ಆಗಲೇ ಬೇರೂರಿರುತ್ತದೆ. ಅಂಕದ ಪೈಪೋಟಿ ನೀರೆರೆಯುತ್ತದೆ. ನಾಲ್ಕು ಜನರೆದುರು ಬಾಯಿ ತೆರೆಯಲಾರದ ಹುಡುಗ ‘ಪಾಪದವ’, ‘ನಾಚಿಕೆ ಸ್ವಭಾವದವಳು’ ಎಂಬ ಹುಡುಗಿ ಚೆನ್ನಾಗಿ ಅಂಕ ತೆಗೆಯುತ್ತಿರುವವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ. ಗಲಾಟೆ ಮಾಡುವ ಮಗುವಿಗೆ ಸಿಗುವ ಗಮನ ಹೆದರುವ ಮಗುವಿಗೆ ಸಿಗುವುದಿಲ್ಲ.

ದಕ್ಷಿಣದ ರಾಜ್ಯಗಳಲ್ಲಿ ಖಿನ್ನತೆ, ಆತಂಕ ಎರಡೂ ಉತ್ತರಕ್ಕಿಂತ ಹೆಚ್ಚು ಎಂದು ರಾಜ್ಯವಾರು ಅಧ್ಯಯನ ಕಂಡುಕೊಂಡಿತು. ಆಧುನಿಕತೆ, ನಗರೀಕರಣ ಕಾರಣವಿರಬಹುದು ಎಂದಿತು. ಅದನ್ನು ಓದಿದ ಹಲವರು ಆತಂಕವೆಂದರೆ ಹೊಟ್ಟೆ ತುಂಬಿದವರ ಕಾಯಿಲೆ ಎಂದು ತೀರ್ಮಾನಿಸಿಬಿಟ್ಟರು. ದಕ್ಷಿಣ ಕನ್ನಡ ಈ ವಾದಕ್ಕೆ ಮೇಲ್ನೋಟಕ್ಕೆ ಒಳ್ಳೆಯ ಉದಾಹರಣೆ: 2011ರಲ್ಲೇ ಸಾಕ್ಷರತೆ ಶೇ. 88 ದಾಟಿತ್ತು, ಬ್ಯಾಂಕುಗಳು ಹುಟ್ಟಿದ ಜಿಲ್ಲೆ, ಗಲ್ಫ್ ಹಣ. ಆದರೆ ಮೇಲೆ ಕಂಡ ಮುಖಗಳಲ್ಲಿ ಬೀಡಿಯ ಹೆಂಗಸು, ಕೊಕ್ಕಡದ ತಾಯಿ, ಅರ್ಧ ಎಕರೆ ಅಡಿಕೆಯವ, ಇವರಲ್ಲಿ ಯಾರ ಹೊಟ್ಟೆ ತುಂಬಿದ್ದು? ಶಿಕ್ಷಣ ಹೆಚ್ಚಿದ ಕಡೆ ಜನ ಕೇಳಿದ್ದಕ್ಕೆ ಬಾಯಿಬಿಟ್ಟು ಉತ್ತರ ಕೊಡುತ್ತಾರೆ, ಡಾಕ್ಟರ ಬಳಿ ಹೋಗುತ್ತಾರೆ ಎನ್ನುವುದು ಒಂದು ಕಾರಣ. ಮಕ್ಕಳು ಓದಿ ಬೆಂಗಳೂರು, ಮುಂಬೈ, ದುಬೈ ಸೇರಿದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಮುದುಕರು ಸಿಸಿಟಿವಿಯ ಕೆಂಪು ದೀಪ ನೋಡುತ್ತ ಮಲಗುವುದು ಇನ್ನೊಂದು. ಅಭಿವೃದ್ಧಿ ಹೊಸ ಹೆದರಿಕೆಗಳನ್ನು ತಂದಿತು ಎನ್ನುವುದು ಸರಿ. ಹಳೆಯವನ್ನು ಅದು ಒಯ್ಯಲಿಲ್ಲ.

ಆಸ್ಪತ್ರೆಗಳ ಕೊರತೆ ಇದಕ್ಕೆಲ್ಲ ಕಾರಣವೆಂದು ಇಲ್ಲಿ ಹೇಳುವಂತಿಲ್ಲ. ಬೆಳ್ತಂಗಡಿಯಿಂದ ಮಂಗಳೂರಿಗೆ ಅರುವತ್ತು ಕಿಲೋಮೀಟರು, ಬಿ.ಸಿ. ರೋಡಿನಿಂದ ಅದರ ಅರ್ಧವೂ ಇಲ್ಲ. ಆ ನಗರದಲ್ಲೂ ಅದರ ಅಂಚಿನಲ್ಲೂ ಇರುವಷ್ಟು ಮೆಡಿಕಲ್ ಕಾಲೇಜುಗಳು ದೇಶದ ಬಹಳ ಕಡಿಮೆ ಜಿಲ್ಲೆಗಳಲ್ಲಿವೆ; ಪ್ರತಿಯೊಂದರಲ್ಲೂ ಮನೋವೈದ್ಯ ವಿಭಾಗವಿದೆ. 1985ರಿಂದ 90ರವರೆಗೆ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೇ ಮಾದರಿಯಾಯಿತು. 2014ರಲ್ಲಿ ಶುರುವಾದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡಾಯಿತು. 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಸಹಾಯವಾಣಿ, 14416. ಬಾಗಿಲುಗಳು ಇಷ್ಟಿದ್ದರೂ ಆತಂಕದವರು ಒಳಬರುವುದಿಲ್ಲ, ಏಕೆಂದರೆ ಬಾಗಿಲ ಮೇಲೆ ‘ಮಾನಸಿಕ’ ಎಂದು ಬರೆದಿದೆ, ಅವರಿಗಿರುವುದು ಗ್ಯಾಸು. ಮಂಗಳವಾರದ ಸಾಲಿನಲ್ಲಿ ನಿಂತವನನ್ನು ನೆರೆಮನೆಯವನು ಕಂಡರೆ ಮಗಳ ಸಂಬಂಧಕ್ಕೆ ಕುತ್ತು ಎಂಬ ಲೆಕ್ಕವೂ ಇದೆ, ಅದು ಸುಳ್ಳಲ್ಲ.

ಕಾಯಿಲೆಯ ಹೆಸರು ಸಿಗದವರಿಗೆ ಒಂದು ಅಡ್ಡದಾರಿ ಸಿಗುತ್ತದೆ. ಯಾರೋ ಒಮ್ಮೆ ಬರೆದುಕೊಟ್ಟ ಅಲ್ಪ್ರಜೋಲಾಮ್ ಗುಳಿಗೆ ಹದಿನೈದು ನಿಮಿಷದಲ್ಲಿ ಎದೆಯನ್ನು ಶಾಂತಗೊಳಿಸುತ್ತದೆ ಎಂದು ತಿಳಿದ ಮೇಲೆ ಚೀಟಿ ಹಳೆಯದಾದರೂ ಗುಳಿಗೆ ಹೊಸದಾಗಿ ಬರುತ್ತಲೇ ಇರುತ್ತದೆ. ಔಷಧಿ ಮಾರಾಟದ ಎಚ್1 ಪಟ್ಟಿಯಲ್ಲಿರುವ ಈ ಗುಳಿಗೆಗೆ ದೇಹ ಬೇಗ ಒಗ್ಗಿಕೊಳ್ಳುತ್ತದೆ. ಬಿಟ್ಟರೆ ಬರುವ ನಡುಕ ಹಳೆಯ ಆತಂಕಕ್ಕಿಂತ ಹೆಚ್ಚು. ನಿಜವಾದ ಚಿಕಿತ್ಸೆ ಇಷ್ಟು ಚುರುಕಲ್ಲ. ಎಸ್ಸಿಟಲೋಪ್ರಾಮ್‌ನಂಥ ಅಗ್ಗದ ಗುಳಿಗೆ ಕೆಲಸ ಶುರುಮಾಡಲು ಎರಡು ಮೂರು ವಾರ ಬೇಕು. ಹೆದರಿದ ಕೆಲಸವನ್ನೇ ಸ್ವಲ್ಪ ಸ್ವಲ್ಪವಾಗಿ ಮತ್ತೆ ಮಾಡಿಸುವ ವರ್ತನಾ ಚಿಕಿತ್ಸೆಗೆ ಇನ್ನೂ ತಾಳ್ಮೆ ಬೇಕು: ಮೊದಲ ವಾರ ಮಗಳ ಜೊತೆ ಬ್ರಾಂಚಿನ ತಿರುವಿನವರೆಗೆ, ಮುಂದಿನ ವಾರ ಒಬ್ಬಳೇ, ಎದೆ ಬಡಿದುಕೊಂಡರೂ ಓಡಿ ಬಾರದೆ ಹತ್ತು ನಿಮಿಷ ಅಲ್ಲೇ ನಿಲ್ಲುವುದು. ಇದಕ್ಕೆ ಮನೋವೈದ್ಯರೇ ಬೇಕೆಂದಿಲ್ಲ. ತರಬೇತಿ ಪಡೆದ ಆರೋಗ್ಯ ಸಿಬ್ಬಂದಿ ಹೇಳಿಕೊಡಬಹುದು. ಆತಂಕ ಮತ್ತು ಖಿನ್ನತೆಯ ಚಿಕಿತ್ಸೆಗೆ ಹಾಕಿದ ಒಂದು ರೂಪಾಯಿ ನಾಲ್ಕಾಗಿ ಮರಳುತ್ತದೆ ಎಂದು 2016ರಲ್ಲಿ ಜಾಗತಿಕ ಲೆಕ್ಕವೊಂದು ತೋರಿಸಿದ್ದು ಇಂಥ ಸರಳ ಚಿಕಿತ್ಸೆಯನ್ನು ನೆಚ್ಚಿಕೊಂಡೇ.

ಹಾಗಾಗಿ ಈ ಮೂರು ತಾಲೂಕುಗಳಲ್ಲಿ ಆತಂಕವನ್ನು ಎಣಿಸಬೇಕಾದ ಜಾಗವೂ ಚಿಕಿತ್ಸೆ ಕೊಡಬೇಕಾದ ಜಾಗವೂ ಒಂದೇ: ಸಾಮಾನ್ಯ ಹೊರರೋಗಿ ವಿಭಾಗ, ಪೇಟೆಯ ಕ್ಲಿನಿಕ್ಕು, ಊರಿನ ಉಪಕೇಂದ್ರ. ಇನ್ನೊಬ್ಬ ಮನೋವೈದ್ಯರನ್ನು ನೇಮಿಸುವುದಕ್ಕಿಂತ, ಗ್ಯಾಸಿನ ಗುಳಿಗೆ ಬರೆಯುವ ಕೈ ಒಂದು ನಿಮಿಷ ತಡೆಯುವುದು ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದ ಸಾಧನವೂ ಇದೆ. ಏಳು ಪ್ರಶ್ನೆಗಳ ಜಿಎಡಿ-7 ಎಂಬ ಪಟ್ಟಿಯ ಮೊದಲ ಎರಡನ್ನಷ್ಟೇ ಕೇಳಿದರೂ ಸಾಕಷ್ಟು ಸುಳಿವು ಸಿಗುತ್ತದೆ: ಕಳೆದ ಎರಡು ವಾರದಲ್ಲಿ ಎಷ್ಟು ದಿನ ಗಾಬರಿ, ಚಡಪಡಿಕೆ ಇತ್ತು, ಎಷ್ಟು ದಿನ ಚಿಂತೆಯನ್ನು ನಿಲ್ಲಿಸಲಾಗಲಿಲ್ಲ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಕೂಡಿಸಿ ಮೂರು ಅಥವಾ ಹೆಚ್ಚಾದರೆ ಮುಂದೆ ವಿಚಾರಿಸಬೇಕು. ಎರಡನೆಯ ಪ್ರಶ್ನೆಯನ್ನು ಕೇಳುವವರು ಚಿಂತೆಯ ಬದಲು ಮಂಡೆಬೆಚ್ಚ ಎಂದು ಕೇಳಬೇಕು, ತುಳುವಿನಲ್ಲೇ, ಇಸಿಜಿಯ ಕಾಗದ ಇನ್ನೂ ಮೇಜಿನ ಮೇಲಿರುವಾಗ.